ಬಾಗಿಲು ಬಡಿದ ಸದ್ದಿಗೆ ಬಂದ ಸಿಟ್ಟು: ಒಂದು ಸಣ್ಣ ಇತಿಹಾಸ

(1/6)
ಒಂದು ಪ್ರಶ್ನೆ ಕೇಳ್ತೀನಿ. ಕಾಮೆಂಟ್ ಹಾಕೋದು ಬೇಡ, ಮನಸ್ಸಲ್ಲೇ ಉತ್ತರ ಕೊಡ್ರಿ.

ಯಾರೋ ಜೋರಾಗಿ ಬಾಗಿಲು ಬಡಿದ್ರು ಅಂತ, ಹಿಂದಿನಿಂದ ಬಂದು ಭುಜ ಮುಟ್ಟಿದ್ರು ಅಂತ ನೀವು ಮನೆಯವರ ಮೇಲೆ ಕೂಗಾಡಿದ್ದುಂಟಾ? ಎರಡು ನಿಮಿಷ ಆದ್ಮೇಲೆ "ನಾನ್ಯಾಕ ಹಿಂಗ ಮಾಡಿದೆ" ಅಂತ ಒಬ್ಬರೇ ಕೂತು ಅತ್ತಿದ್ದುಂಟಾ?

ನಾನು ಮಾಡೀನಿ. 2022ರ ಆಗಸ್ಟ್‌ನಲ್ಲಿ ನಮ್ಮೂರು ಹುಲಿಹೈದರದಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆ ಆಗಿ ಇಬ್ಬರು ಸತ್ತರು. ನಿಷೇಧಾಜ್ಞೆ ಬಂತು. ಯಾರ ತಪ್ಪು ಅನ್ನೋದು ಈ ಪೋಸ್ಟಿನ ವಿಷಯ ಅಲ್ಲ. ನಾವು ಒಳಗಿಂದ ಚಿಲಕ ಹಾಕ್ಕೊಂಡು ಕೂತಿದ್ವಿ, ನಮಗೇನೂ ಆಗಲಿಲ್ಲ. ಆರು ತಿಂಗಳ ಮೇಲೆ ತಮ್ಮ ಆಟ ಆಡ್ತಾ ಬಾಗಿಲು ದಬದಬ ಬಡಿದ. ಕೈಯಲ್ಲಿದ್ದ ತಂಬಿಗೆ ಅವನ ಕಡೆ ಎಸೆದೆ. ಪುಣ್ಯಕ್ಕ ಗೋಡೆಗೆ ಬಡೀತು. ಅವ್ವ ಕೇಳಿದ್ಲು: "ಯಾಕವ್ವ, ಮೈಯಾಗ ಏನ್ ಹೊಕ್ಕೈತಿ ನಿನಗ?"

ಆ ಪ್ರಶ್ನೆಗೆ ಉತ್ತರ ಹುಡುಕಿದಾಗ ಸಿಕ್ಕ ಇತಿಹಾಸ ಇದು.

(2/6)
ಮೊದಲು ಸಿಟ್ಟನ್ನು ಬರೀ ಗುಣದೋಷ ಅಂತ ನೋಡ್ತಿದ್ರು. ಅಶೋಕನ ಶಾಸನ ನಮ್ಮ ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಬಂಡೆಗಳ ಮೇಲೂ ಇದೆ, ಗೊತ್ತಲ್ಲ? ಕಳಿಂಗ ಯುದ್ಧ ಆದ್ಮೇಲೆ ಅವನು ತನ್ನ ಅಧಿಕಾರಿಗಳಿಗೆ ಬರೆಸಿದ ಇನ್ನೊಂದು ಶಾಸನ ಒಡಿಶಾದ ಧೌಲಿಯಲ್ಲಿದೆ. ಅದರ ಪ್ರತಿಯ ಭಾಗ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿತು. ನ್ಯಾಯ ನೋಡುವವರು ಬಿಡಬೇಕಾದ ದೋಷಗಳ ಪಟ್ಟಿ ಅದರಲ್ಲಿ ಬರುತ್ತೆ: ಅಸೂಯೆ, ಥಟ್ಟಂತ ಬರೋ ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ, ದಣಿವು.

2,200 ವರ್ಷದ ಹಿಂದೆನೇ "ಥಟ್ಟಂತ ಬರೋ ಸಿಟ್ಟು" ಅಂತ ಬೇರೆ ಹೆಸರಿಟ್ಟು ಬರೆದಿದ್ದಾರೆ. ಆದರೆ ಆ ಸಿಟ್ಟು ಎಲ್ಲಿಂದ ಬರುತ್ತೆ ಅಂತ ಅಲ್ಲಿ ಹೇಳಿಲ್ಲ.

(3/6)
ಅದು ಗಾಯದಿಂದಲೂ ಬರಬಹುದು ಅಂತ ವೈದ್ಯರು ಒಪ್ಪಿಕೊಳ್ಳೋಕೆ ಬಹಳ ಕಾಲ ಹಿಡೀತು. 1871ರಲ್ಲಿ ಅಮೆರಿಕದ ವೈದ್ಯ ಡಾಕೋಸ್ಟಾ ಅಂತರ್ಯುದ್ಧದ ಸೈನಿಕರ ಎದೆಬಡಿತ ನೋಡಿ ಅದನ್ನು ಹೃದಯದ ತೊಂದರೆ ಅಂದ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ "ಶೆಲ್ ಶಾಕ್" ಅಂತ ಬರೆದ. ಅದೇ ಯುದ್ಧದಲ್ಲಿ ಬ್ರಿಟಿಷ್ ಸೇನೆ ಓಡಿಹೋದರು, ಹೇಡಿತನ ತೋರಿಸಿದರು ಇತ್ಯಾದಿ ಆರೋಪದ ಮೇಲೆ ತನ್ನವರನ್ನೇ ಗುಂಡಿಟ್ಟು ಕೊಂದಿತು. ಅಂಥ 306 ಜನರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ!

ವಿಯೆಟ್ನಾಂ ಯುದ್ಧದಿಂದ ಬಂದವರು ಹೋರಾಡಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ ಅನ್ನೋ ಹೆಸರು ಸೇರಿತು. 1987ರ ಪರಿಷ್ಕರಣೆಯಲ್ಲಿ "ಸಿಟ್ಟಿನ ಸ್ಫೋಟ" ಅದರ ಲಕ್ಷಣಗಳಲ್ಲಿ ಒಂದಾಯ್ತು. 2013ರಲ್ಲಿ ಇನ್ನೂ ಬಿಡಿಸಿ ಹೇಳಿದ್ರು: ಕಾರಣ ಇಲ್ಲದೆ ಅಥವಾ ಸಣ್ಣ ಕಾರಣಕ್ಕೇ ಸಿಡಿಯೋದು.

ಬಾಗಿಲು, ತಂಬಿಗೆ. ನನ್ನದೇ ಕಥೆ ಓದಿದಂಗಾಯ್ತು.

(4/6)
ಇದು ಬರೀ ವಿದೇಶದ ಸೈನಿಕರ ಕಥೆ ಅಂದ್ಕೋಬೇಡ್ರಿ.

1981ರ ಫೆಬ್ರವರಿ 7, ಬೆಂಗಳೂರು. ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಸತ್ತರು, ಬಹುತೇಕ ಮಕ್ಕಳು. ಆ ಮನೆಗಳ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. 1984ರ ಭೋಪಾಲ್ ಅನಿಲ ದುರಂತದ ನಂತರ ಅಲ್ಲಿನ ವೈದ್ಯರಿಗೆ ಮನೋವೈದ್ಯಕೀಯ ತರಬೇತಿ ಕೊಟ್ಟವರಲ್ಲಿ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಇದ್ದರು.

ಇನ್ನೊಂದು ಕಥೆ ನಮ್ಮ ಪಕ್ಕದ ಜಿಲ್ಲೆಯದು. 1985ರಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ಶುರು ಮಾಡಿತು. ಮನಸ್ಸಿನ ಕಾಯಿಲೆಗೆ ಜನ ಬೆಂಗಳೂರಿಗೆ ಬರೋದು ಬೇಡ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ, ಅಲ್ಲೇ ಮಾತ್ರೆ. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ರಾಯಚೂರಿಂದ ಒಡೆದು ಕೊಪ್ಪಳ ಜಿಲ್ಲೆ ಆಗಿದ್ದೇ 1997ರಲ್ಲಿ. ಅಂದ್ರ ನಮ್ಮ ಜಿಲ್ಲೆ ಹುಟ್ಟೋಕಿಂತ ಮುಂಚೆನೇ, ನಮ್ಮ ಮಗ್ಗುಲಲ್ಲೇ ದೇಶಕ್ಕೆ ದಾರಿ ತೋರಿಸೋ ಕೆಲಸ ಆಗಿತ್ತು. ಕಾಲೇಜಿಗೆ ಬಂದ ಮೇಲೂ ನನಗೆ ಇದು ಗೊತ್ತಿರಲಿಲ್ಲ.

(5/6)
ಈಗ ಅವ್ವನ ಪ್ರಶ್ನೆಗೆ ಬರೋಣ. ಮೈಯಾಗ ಏನೂ ಹೊಕ್ಕಿಲ್ಲ. ಅಪಾಯ ಒಮ್ಮೆ ಕಂಡ ಮೆದುಳು ಕಾವಲು ಇಳಿಸಿಲ್ಲ, ಅಷ್ಟೇ. ಸದ್ದು ಕೇಳಿದ ಕೂಡಲೇ, ಯೋಚನೆ ಮಾಡೋಕೆ ಮೊದಲೇ, ದೇಹ ಜಗಳಕ್ಕೆ ನಿಂತುಬಿಡುತ್ತೆ. ಬಿಕಾಂ ಹುಡುಗಿಯಾಗಿ ಹೇಳಬೇಕಂದ್ರೆ, ಲೆಕ್ಕ 2022ರದ್ದು, ಎಂಟ್ರಿ ಬಿದ್ದಿದ್ದು ತಮ್ಮನ ಖಾತೆಗೆ.

ಆದರೆ ಒಂದು ಮಾತು ನೆನಪಿಡ್ರಿ. ಕಾರಣ ಗೊತ್ತಾಯ್ತು ಅಂದ್ರೆ ತಪ್ಪು ಮಾಫಿ ಆಯ್ತು ಅಂತಲ್ಲ. ತಂಬಿಗೆ ಅವನ ಹಣೆಗೆ ಬಿದ್ದಿದ್ರೆ "ನನ್ನ ಮೆದುಳು ಹಂಗ ಮಾಡ್ತು" ಅಂತ ಹೇಳೋಕಾಗ್ತಿತ್ತಾ? ಇಲ್ಲಿ ಅಶೋಕನ ಶಾಸನಾನೂ ಬೇಕು, 1987ರ ಕೈಪಿಡಿನೂ ಬೇಕು. ನನ್ನ ಕೈ ಏನು ಮಾಡುತ್ತೋ ಅದಕ್ಕೆ ಹೊಣೆ ನಾನೇ. ಹಂಗಂತ ನಾನು ಕೆಟ್ಟವಳಲ್ಲ, ಗಾಯ ಆದವಳು. ಮೊದಲನೇದು ಒಂದೇ ಹಿಡ್ಕೊಂಡ್ರೆ ನಾಚಿಕೆ, ಎರಡನೇದು ಒಂದೇ ಹಿಡ್ಕೊಂಡ್ರೆ ನೆಪ.

(6/6)
ನಾನೇನು ಮಾಡ್ತೀನಿ? ಕಿವಿ ಬಿಸಿ ಆದ್ರೆ, ಹಲ್ಲು ಕಚ್ಚಿಕೊಂಡ್ರೆ ಅಲ್ಲಿಂದ ಎದ್ದು ಹಿತ್ತಲಿಗೆ ಹೋಗ್ತೀನಿ. ಕಾಲು ನೆಲಕ್ಕೆ ಊರಿ, ಉಸಿರು ನಿಧಾನ ಬಿಡ್ತೀನಿ. ಮನೆಯವರಿಗೆ ಮೊದಲೇ ಹೇಳೀನಿ: "ಆಗ ಹಿಂದ ಬರಬ್ಯಾಡ್ರಿ, ನಾನೇ ವಾಪಸ್ ಬರ್ತೀನಿ." ವಾಪಸ್ ಬಂದು ಮಾತಾಡ್ತೀನಿ. ಇದಿಷ್ಟೇ ಸಾಕಾಗಲ್ಲ, ಆಘಾತಕ್ಕೆ ಅಂತಲೇ ಮಾಡೋ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನ ಕೇಳ್ರಿ. ನಮ್ಮೂರ ಘಟನೆ ಆಗಿ ಎರಡು ತಿಂಗಳಿಗೆ, 2022ರ ಅಕ್ಟೋಬರ್ 10ರಂದು, ಟೆಲಿ ಮಾನಸ್ ಶುರುವಾಯ್ತು. ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ತಮ್ಮನಿಗೆ ಸಾರಿ ಕೇಳಿದೆ. "ಬಿಡಕ್ಕ" ಅಂದ. ಈಗ ಬಾಗಿಲು ಬಡಿಯೋಕೆ ಮೊದಲು ಹೊರಗಿಂದ "ಅಕ್ಕಾ, ನಾನು" ಅಂತ ಕೂಗ್ತಾನೆ. ತಂಬಿಗೆ ಇನ್ನೂ ಮನೇಲೇ ಐತಿ, ಒಂದು ಕಡೆ ನಗ್ಗಿ.

ನಿಮ್ಮನೇಲೂ ಅಂಥದ್ದೊಂದು ಇದ್ರೆ ಇದನ್ನ ಸೇವ್ ಮಾಡ್ಕೊಳ್ರಿ.

#ಹುಲಿಹೈದರ #ಕೊಪ್ಪಳ #ಸಿಟ್ಟು #ಮನಸ್ಸಿನಮಾತು #ಕನ್ನಡಇತಿಹಾಸ