ಜಲಗಾರನ ದೋಣಿ



ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಬಿಸಿಲಿಗೆ ಹೆಸರಾದ ನಮ್ಮ ಸೀಮೆಯಲ್ಲಿ ಗುಡ್ಡ, ಕಾಡು, ನೀರು ಮೂರೂ ಒಂದೆಡೆ ಕಾಣಸಿಗುವ ಅಪರೂಪದ ತಾಣವದು. ಅಲ್ಲಿಯ ಜಲಾಶಯದ ಕೆಳಗೆ, ಕಾಡಿನ ಗಡಿಯಿಂದಾಚೆ, ನಮ್ಮ ಬಂಧುಗಳೊಬ್ಬರ ಹೊಲವಿದೆ. ಹೊಲದ ಅಂಚಿನಲ್ಲಿ ಒಂದು ಸಣ್ಣ ಹಳ್ಳ. ಕಳೆದ ದೀಪಾವಳಿಯ ರಜೆಯಲ್ಲಿ ನಾನು ಕೆಲವು ದಿನ ಅಲ್ಲಿದ್ದೆ. ಜೊತೆಯಲ್ಲಿ ಹನ್ನೆರಡು ವರ್ಷದ ಮೊಮ್ಮಗನೂ ಇದ್ದ. ಇಂದಿನ ನನ್ನ ಮಾತಿಗೆ ಕಾರಣನಾದವನು ಅವನೇ.

ಹೊರದೇಶದ ಜನ ಬಿಡುವಿನ ವೇಳೆಯಲ್ಲಿ ಹೊಳೆಯ ಮರಳನ್ನು ತೊಳೆದು ಚಿನ್ನ ಹುಡುಕುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದನಂತೆ. ತಾನೂ ಅಂಥದೊಂದು ಸಲಕರಣೆ ಮಾಡಬೇಕೆಂದು ಹಟ ಹಿಡಿದ. ಹಣ್ಣಿನ ಪೆಟ್ಟಿಗೆಯೊಂದರ ಹಲಗೆಗಳನ್ನು ಕಿತ್ತು, ಎರಡೂ ತುದಿ ತೆರೆದಿರುವ ಮೂರಡಿ ಉದ್ದದ ದೋಣಿಯೊಂದನ್ನು ಜೋಡಿಸಿದ. ದೋಣಿಯೆಂದರೆ ಹೊಳೆ ದಾಟಿಸುವ ದೋಣಿಯಲ್ಲ. ದನಗಳಿಗೆ ನೀರು ಕುಡಿಸುವ ಕಲ್ಲುದೋಣಿಯಂಥದು. ಅದರ ತಳಕ್ಕೆ ಗೋಣಿತಟ್ಟು ಹಾಸಿದ. ಅದರ ಮೇಲೆ ಅಂಗೈಯಗಲದ ಅಂತರದಲ್ಲಿ ಅಡ್ಡಪಟ್ಟಿಗಳನ್ನು ಹೊಡೆದ. ಅದನ್ನು ಓರೆಯಾಗಿ ಹಳ್ಳದ ನೀರಿಗಿಟ್ಟು, ಮೇಲಿನ ತುದಿಯಿಂದ ಹಿಡಿ ಹಿಡಿಯಾಗಿ ಮರಳು ಸುರಿಯತೊಡಗಿದ.

ಮೊದಲ ದಿನ ಓರೆ ಹೆಚ್ಚಾಯಿತು. ನೀರಿನ ರಭಸಕ್ಕೆ ಮರಳೆಲ್ಲ ಕೊಚ್ಚಿಹೋಯಿತು. ಎರಡನೆಯ ದಿನ ಓರೆ ಕಡಿಮೆಯಾಯಿತು. ಅಡ್ಡಪಟ್ಟಿಗಳ ನಡುವೆ ಮರಳು ಗಟ್ಟಿಯಾಗಿ ಕುಳಿತು ನೀರು ಅದರ ಮೇಲೆಯೇ ಹರಿಯಿತು. ಮೂರನೆಯ ದಿನ ಅಡಿಗೊಂದು ಅಂಗುಲದಂತೆ ಇಳಿಜಾರು ಕೊಟ್ಟಾಗ ದೋಣಿ ತನ್ನ ಕೆಲಸ ಹಿಡಿಯಿತು. ಹುಡುಗ ಅದನ್ನು ಪರೀಕ್ಷಿಸಿದ ಬಗೆ ನನಗೆ ಮೆಚ್ಚಿಗೆಯಾಯಿತು. ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಸಣ್ಣಗೆ ಕತ್ತರಿಸಿ, ಹತ್ತು ಚೂರುಗಳನ್ನು ಎಣಿಸಿ ಮರಳಿಗೆ ಬೆರೆಸಿದ. ತೊಳೆದು ನೋಡಿದಾಗ ಒಂಬತ್ತು ಚೂರು ಗೋಣಿತಟ್ಟಿನ ಮೇಲೆ ಉಳಿದಿದ್ದವು. ಸೀಸವನ್ನು ಹಿಡಿದಿಟ್ಟ ದೋಣಿ ಅದಕ್ಕಿಂತ ಭಾರವಾದ ಚಿನ್ನವನ್ನು ಬಿಟ್ಟೀತೆ? ಆದರೆ ಸಂಜೆಯವರೆಗೆ ತೊಳೆದರೂ ತಳದಲ್ಲಿ ನಿಂತದ್ದು ಚಿಟಿಕೆಯಷ್ಟು ಕಪ್ಪು ಮರಳು. ಅಯಸ್ಕಾಂತ ಹಿಡಿದರೆ ಅದು ಎದ್ದು ಅಂಟಿಕೊಂಡಿತು.

"ಇಲ್ಲಿ ಬಂಗಾರ ಇಲ್ಲೇನು ಮುತ್ಯಾ?" ಎಂದು ಕೇಳಿದ. ಅದಕ್ಕೆ ಉತ್ತರ ಹೇಳಬಲ್ಲವನಾಗಿದ್ದೆ. "ಮತ್ತ ಇದನ್ನ ಮೊದಲ ಕಲಿತವರು ಯಾರು?" ಎಂದು ಮತ್ತೆ ಕೇಳಿದ. ಆ ಪ್ರಶ್ನೆಗೆ ಉತ್ತರವಾಗಿ ನನ್ನ ನೆನಪಿಗೆ ಬಂದುದು ಒಬ್ಬ ವ್ಯಕ್ತಿಯ ಹೆಸರಲ್ಲ, ಒಂದು ಕಸುಬಿನ ಹೆಸರು: ಜಲಗಾರ.

ಜಲಗಾರನೆಂದರೆ ಇಂದಿನ ಓದುಗರಿಗೆ ಬೀದಿ ಗುಡಿಸುವವನು. ಕುವೆಂಪು ಅವರು ೧೯೨೮ರಲ್ಲಿ ಪ್ರಕಟಿಸಿದ 'ಜಲಗಾರ' ನಾಟಕದಿಂದ ಆ ಅರ್ಥ ನಮ್ಮ ಮನಸ್ಸಿನಲ್ಲಿ ನೆಲೆಯೂರಿದೆ. ಆದರೆ ಆ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ಹೊಳೆಹಳ್ಳಗಳ ಮರಳನ್ನೂ ಅಕ್ಕಸಾಲಿಗರ ಕಟ್ಟೆಯ ಧೂಳನ್ನೂ ತೊಳೆದು ಚಿನ್ನದ ಕಣಗಳನ್ನು ಆರಿಸುವವನೂ ಜಲಗಾರನೇ. ಈ ಎರಡನೆಯ ಜಲಗಾರನನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಕನ್ನಡನಾಡಿನ ಚಿನ್ನದ ಇತಿಹಾಸವೋ ಅವನ ಮರದ ದೋಣಿಯನ್ನು ಅನುಸರಿಸಿಯೇ ನಡೆದುಬಂದಿದೆ.

ಅವನ ವಿದ್ಯೆಯ ಗುಟ್ಟು ನಮ್ಮ ಮನೆಗಳಿಗೆ ಹೊಸದಲ್ಲ. ತಾಯಂದಿರು ಅಕ್ಕಿಯನ್ನು ನೀರಿನಲ್ಲಿ ಜಾಲಿಸುತ್ತಾರೆ. ಪಾತ್ರೆಯನ್ನು ತಿರುವಿದಂತೆಲ್ಲ ಅಕ್ಕಿ ನೀರಿನೊಡನೆ ಹೊರಳಿ ಬರುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಕಣದಲ್ಲಿ ರೈತ ರಾಶಿ ತೂರುವಾಗ ಗಾಳಿ ಮಾಡುವ ಕೆಲಸವನ್ನು ಇಲ್ಲಿ ನೀರು ಮಾಡುತ್ತದೆ. ಸಾಮಾನ್ಯ ಮರಳು ತನ್ನಷ್ಟೇ ಗಾತ್ರದ ನೀರಿನ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಭಾರ. ಕಬ್ಬಿಣದ ಅಂಶವುಳ್ಳ ಕಪ್ಪು ಮರಳು ಸುಮಾರು ಐದು ಪಟ್ಟು. ಚಿನ್ನವಾದರೋ ಹತ್ತೊಂಬತ್ತು ಪಟ್ಟು. ಹರಿಯುವ ನೀರು ಅಡ್ಡಪಟ್ಟಿಯನ್ನು ದಾಟುವಾಗ ಅದರ ಹಿಂದೆ ಸಣ್ಣದೊಂದು ಸುಳಿ ಏಳುತ್ತದೆ. ಹಗುರವಾದುದನ್ನು ಆ ಸುಳಿ ಎತ್ತಿ ಮುಂದೆ ಸಾಗಿಸುತ್ತದೆ, ಭಾರವಾದುದು ತಳಕ್ಕಿಳಿಯುತ್ತದೆ. ಇಷ್ಟೇ ತತ್ತ್ವ. ಇದನ್ನು ಕಂಡವನಿಗೆ ತಕ್ಕಡಿ ಬೇಕಾಗಿರಲಿಲ್ಲ, ಗಣಿತ ಬೇಕಾಗಿರಲಿಲ್ಲ. ನೀರನ್ನು ತಾಳ್ಮೆಯಿಂದ ನೋಡುವ ಕಣ್ಣು ಬೇಕಾಗಿತ್ತು.

ಚಂದ್ರಂಪಳ್ಳಿಯ ಹಳ್ಳದಲ್ಲಿ ಚಿನ್ನವೇಕಿಲ್ಲ? ಚಿಂಚೋಳಿಯ ಗುಡ್ಡಗಳು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸ ಹೆಪ್ಪುಗಟ್ಟಿ ಆದ ಕರಿಗಲ್ಲಿನವು. ಹುಡುಗನ ದೋಣಿಯಲ್ಲಿ ನಿಂತ ಕಪ್ಪು ಮರಳು ಆ ಕಲ್ಲು ಸವೆದು ಬಂದುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳತ್ತ ಬಂದರೆ ಸುಣ್ಣಕಲ್ಲಿನ ಪದರಗಳು. ಮನೆಯ ನೆಲಕ್ಕೆ ಹಾಸುಗಲ್ಲನ್ನೂ ಕಾರ್ಖಾನೆಗೆ ಸಿಮೆಂಟನ್ನೂ ಕೊಟ್ಟ ಮಣ್ಣು ನಮ್ಮದು, ಚಿನ್ನವನ್ನು ಕೊಟ್ಟದ್ದಲ್ಲ. ಚಿನ್ನವಿರುವುದು ಇದಕ್ಕಿಂತ ಬಹು ಪುರಾತನವಾದ ಬಂಡೆಗಳಲ್ಲಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 'ಧಾರವಾಡ' ಎಂಬ ಹೆಸರಿಟ್ಟು ಕರೆದ ಆ ಶಿಲಾಸ್ತೋಮದ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಮಿಗಿಲು. ಅದನ್ನು ಕಾಣಬೇಕಾದರೆ ನಾವು ದಕ್ಷಿಣಕ್ಕೆ ನಡೆದು, ಕೃಷ್ಣೆಯನ್ನು ದಾಟಿ, ರಾಯಚೂರು ಸೀಮೆಗೆ ಹೋಗಬೇಕು.

ಅಲ್ಲಿ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ನಡೆಯುತ್ತಿದೆ. ಹೊಸ ಗಣಿಗಾರರು ಅಲ್ಲಿಗೆ ಬಂದಾಗ ಹಳೆಯ ಗಣಿಗಾರರು ೬೪೦ ಅಡಿಗಳಷ್ಟು ಆಳಕ್ಕೆ ಇಳಿದುಹೋಗಿದ್ದುದು ಕಂಡುಬಂತು. ಆ ಪ್ರಾಚೀನ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲವನ್ನು ವಿಜ್ಞಾನಿಗಳು ಸುಮಾರು ಎರಡು ಸಾವಿರ ವರ್ಷಗಳ ಹಿಂದಕ್ಕೆ ಒಯ್ದಿದ್ದಾರೆ. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ ಬಿರಿಯುವಂತೆ ಮಾಡುವುದು, ಒಡೆದ ಕಲ್ಲನ್ನು ಮೇಲಕ್ಕೆ ಸಾಗಿಸಿ ಕುಟ್ಟಿ ಹುಡಿಮಾಡುವುದು, ಹುಡಿಯನ್ನು ನೀರಿನಲ್ಲಿ ತೊಳೆಯುವುದು, ಇದು ಅವರ ಕ್ರಮ. ಪ್ರಾಕ್ತನ ವಿದ್ವಾಂಸರಾದ ಆಲ್ಚಿನ್ ಅವರು ೧೯೬೨ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯ ಮೇಲೆ ಬರೆದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಆಧಾರಪ್ರಾಯವಾಗಿದೆ. ಅದೇ ಸೀಮೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಅಶೋಕನ ಶಾಸನವನ್ನು ಪತ್ತೆ ಮಾಡಿದ ಬೀಡನ್ ಒಬ್ಬ ಚಿನ್ನದ ಗಣಿಯ ಎಂಜಿನಿಯರೆಂಬುದನ್ನು ಇಲ್ಲಿ ನೆನೆಯಬೇಕು. ಅದುವರೆಗೆ ಬಿರುದುಗಳಿಂದಷ್ಟೇ ಪರಿಚಿತನಾಗಿದ್ದ ಚಕ್ರವರ್ತಿಯ ಹೆಸರು 'ಅಶೋಕ' ಎಂದು ಸ್ಪಷ್ಟವಾಗಿ ದೊರೆತದ್ದು ಚಿನ್ನ ಹುಡುಕಲು ಹೊರಟವನ ಕಣ್ಣಿಗೆ! ಮೌರ್ಯರ ದಕ್ಷಿಣ ಪ್ರಾಂತದ ಆಡಳಿತ ಕೇಂದ್ರಕ್ಕೆ ಸುವರ್ಣಗಿರಿ ಎಂಬ ಹೆಸರಿದ್ದುದನ್ನು ಬ್ರಹ್ಮಗಿರಿಯ ಶಾಸನ ಹೇಳುತ್ತದೆ.

ಹಟ್ಟಿಯ ಬಂಡೆಗಳಲ್ಲಿ ಕುಟ್ಟಿ ಅರೆದ ಗುಳಿಗಳು ಉಳಿದಿವೆ. ಕಲ್ಲು ಕಲ್ಲಿನ ಮೇಲೆ ಗುರುತು ಬಿಡುತ್ತದೆ. ಆದರೆ ಮರದ ದೋಣಿ ಮಣ್ಣಾಗುತ್ತದೆ. ಹರಿದ ನೀರು ಯಾವ ಗುರುತನ್ನೂ ಬಿಡುವುದಿಲ್ಲ. ತೊಳೆದವರ ಇತಿಹಾಸವನ್ನು ಬರೆಯುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಗದಗ ಜಿಲ್ಲೆಯ ಕಪ್ಪತಗುಡ್ಡದ ಜಲಗಾರರು ಮಾತ್ರ ಗ್ರಂಥಗಳಲ್ಲಿ ಸ್ವಲ್ಪ ಜಾಗ ಪಡೆದರು. ಡೋಣಿ, ಸೊರಟೂರುಗಳ ಸುತ್ತ ಗುಡ್ಡದಿಂದಿಳಿಯುವ ಹಳ್ಳಗಳಲ್ಲಿ, ದೊಡ್ಡ ಮಳೆ ಬಂದು ಹೊಸ ಮರಳು ಹರಡಿದ ಮೇಲೆ, ಅವರು ಚಿನ್ನ ತೊಳೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಆ ಚಿನ್ನದ ವಿಷಯ ಬರೆದ. ೧೮೭೪ರಲ್ಲಿ ಫೂಟ್ ಅಲ್ಲಿಯ ಬಂಡೆಗಳ ಬಗೆಗೆ ವರದಿ ಪ್ರಕಟಿಸಿದ. ಯಾವ ಹಳ್ಳದಲ್ಲಿ ಎಷ್ಟು ಹೊನ್ನಿದೆಯೆಂಬುದನ್ನು ಈ ಪಂಡಿತರು ಅರಿತದ್ದು ಜಲಗಾರರ ಮರದ ದೋಣಿಯ ಮೂಲಕ. ಅವರ ಕೈಚಳಕವೇ ಅಂದಿನ ಪ್ರಯೋಗಶಾಲೆ. ಮುಂದೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದವು, ಬಾವಿ ತೋಡಿದವು, ಲಾಭ ಕಾಣದೆ ಹೊರಟುಹೋದವು. ೨೦೧೯ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವೆಂದು ಘೋಷಿತವಾಯಿತು.

ಇನ್ನು ಕೋಲಾರದ ಕಥೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನದ ಗಡಿಗಳನ್ನು ಅಳೆಯುವ ಕೆಲಸ ನಡೆಯಿತು. ಪೂರ್ವದ ಗಡಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ೧೮೦೨ರಲ್ಲಿ ಆ ಭಾಗದ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಕೇಳಿದ. ತೋರಿಸಿದವರಿಗೆ ಬಹುಮಾನವೆಂದು ಸಾರಿದ. ಉರಿಗಾಮಿನ ಗ್ರಾಮಸ್ಥರು ಎತ್ತಿನ ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನೆದುರಿಗೇ ತೊಳೆದರು. ಮಣ್ಣು ಹೋಯಿತು, ಹೊನ್ನಿನ ಹುಡಿ ಮಿನುಗಿತು. ಸುಮಾರು ೫೬ ಕಿಲೋ ಮಣ್ಣು ತೊಳೆದರೆ ಒಂದು ಗ್ರೇನ್ ಚಿನ್ನ, ಅಂದರೆ ಒಂದು ಗ್ರಾಮಿನ ಹದಿನೈದನೆಯ ಒಂದು ಪಾಲು! ಮಾರಿಕುಪ್ಪಂ ಬಳಿ ಗಂಡಸರು ಗುಂಡಿಗಳಿಗಿಳಿದು ಕಲ್ಲು ತೆಗೆಯುತ್ತಿದ್ದುದನ್ನೂ ಹೆಂಗಸರು ಅದನ್ನು ಕುಟ್ಟಿ ಹುಡಿಮಾಡುತ್ತಿದ್ದುದನ್ನೂ ಆತ ನೋಡಿದ. ವಾರನ್‌ನ ಬರಹವನ್ನು ಎಷ್ಟೋ ವರ್ಷಗಳ ಮೇಲೆ ಓದಿದ ಲವೆಲ್ ಎಂಬ ಸೈನಿಕ ೧೮೭೧ರಲ್ಲಿ ಎತ್ತಿನ ಗಾಡಿಯೇರಿ ಕೋಲಾರಕ್ಕೆ ಹೋದ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕಿಳಿದ ಗಣಿ ೨೦೦೧ರಲ್ಲಿ ಮುಚ್ಚಿತು.

ಈ ವೃತ್ತಾಂತವನ್ನು ನಾವು ಹೇಳುವ ಬಗೆಯನ್ನು ಗಮನಿಸಿ. 'ವಾರನ್ ಕೋಲಾರದ ಚಿನ್ನವನ್ನು ಕಂಡುಹಿಡಿದ' ಎನ್ನುತ್ತೇವೆ. ಆದರೆ ಗಾಡಿಯಲ್ಲಿ ಮಣ್ಣು ತಂದವರಿಗೆ ಯಾವ ಮಣ್ಣನ್ನು ತುಂಬಬೇಕೆಂಬುದು ಮೊದಲೇ ಗೊತ್ತಿತ್ತಲ್ಲವೆ? ಕಂಡದ್ದು ಅವರು, ಬರೆದದ್ದು ಆತ. ಬರೆದವನ ಹೆಸರು ಪಾಠಪುಸ್ತಕ ಸೇರಿತು. ತೊಳೆದವರು 'ಗ್ರಾಮಸ್ಥರು' ಎಂಬ ಒಂದೇ ಪದದೊಳಗೆ ಅಡಗಿಹೋದರು.

ಈ ವಿದ್ಯೆ ನಮ್ಮ ನಾಡಿಗಷ್ಟೇ ಸೀಮಿತವಾದುದಲ್ಲ. ಕರಿಸಮುದ್ರದ ತೀರದ ಜನ ಕುರಿಯ ತುಪ್ಪಳದ ಮೇಲೆ ನೀರು ಹರಿಸಿ ಚಿನ್ನ ಹಿಡಿಯುತ್ತಿದ್ದರೆಂದೂ, ಗ್ರೀಕರ ಚಿನ್ನದ ತುಪ್ಪಳದ ಕಥೆ ಅದರಿಂದಲೇ ಹುಟ್ಟಿತೆಂದೂ ಪ್ರಾಚೀನ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ೧೫೫೬ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿಗ್ರಂಥದಲ್ಲಿ ಅಡ್ಡಪಟ್ಟಿಯ ದೋಣಿಗಳ ಚಿತ್ರಗಳಿವೆ. ನನ್ನ ಮೊಮ್ಮಗನ ದೋಣಿಯನ್ನು ಅವುಗಳ ಪಕ್ಕದಲ್ಲಿಟ್ಟರೆ ಬಂಧುತ್ವ ಎದ್ದು ಕಾಣುತ್ತದೆ. ೧೮೪೮ರಲ್ಲಿ ಕ್ಯಾಲಿಫೋರ್ನಿಯಾದ ಹೊಳೆಯಲ್ಲಿ ಚಿನ್ನ ಕಂಡಿತು. ಒಂದಾಳು ಹೊರಬಹುದಾದ ದೋಣಿಯಿಂದ ಆರಂಭವಾದ ಕೆಲಸ, ಕೊಳವೆಯ ನೀರಿನಿಂದ ಗುಡ್ಡಗಳನ್ನೇ ಕರಗಿಸುವ ಮಟ್ಟಕ್ಕೆ ಬೆಳೆಯಿತು. ಕೊಚ್ಚಿಬಂದ ಕೆಸರಿನಿಂದ ನದಿಯ ಪಾತ್ರ ಏರಿತು, ಕೆಳಗಿನ ರೈತರ ಹೊಲಗಳು ಮುಳುಗಿದವು. ಕಡೆಗೆ ೧೮೮೪ರಲ್ಲಿ ನ್ಯಾಯಾಲಯ ಆ ಕೆಸರನ್ನು ನದಿಗೆ ಬಿಡಕೂಡದೆಂದು ತೀರ್ಪಿತ್ತಿತು. ಸಣ್ಣ ಕಣಗಳನ್ನು ಹಿಡಿಯಲು ಬಳಸಿದ ಪಾದರಸ ಇನ್ನೊಂದು ಪಿಡುಗು. ಅದು ಚಿನ್ನವನ್ನೇನೋ ತನ್ನಲ್ಲಿ ಕೂಡಿಸಿಕೊಳ್ಳುತ್ತದೆ. ಕಾಯಿಸಿದಾಗ ಆವಿಯಾಗಿ ಉಸಿರಿಗೆ ಸೇರುತ್ತದೆ, ಹೊಳೆಗೆ ಬಿದ್ದರೆ ಮೀನಿನ ಮೂಲಕ ಮನುಷ್ಯನ ಒಡಲಿಗೆ ಬರುತ್ತದೆ. ೨೦೧೩ರ ಮಿನಮಾಟಾ ಒಪ್ಪಂದಕ್ಕೆ ಹಲವು ರಾಷ್ಟ್ರಗಳು ಸಹಿ ಹಾಕಬೇಕಾಗಿ ಬಂದುದು ಈ ವಿಷದ ಹರಹನ್ನು ತಡೆಯುವುದಕ್ಕಾಗಿಯೇ. ಆಸೆ ದೊಡ್ಡದಾದಾಗ ಅದೇ ನೀರು, ಅದೇ ತತ್ತ್ವ, ಬೇರೆಯೇ ಫಲವನ್ನು ಕೊಡುತ್ತದೆ.

ಮತ್ತೆ ನಮ್ಮ ಪದಕ್ಕೆ ಬರೋಣ. ಚಿನ್ನ ತೊಳೆಯುವವನ ಹೆಸರು ಕಸ ಗುಡಿಸುವವನಿಗೂ ಬಂದುದು ಹೇಗೆ? ನನ್ನ ವಿದ್ಯಾರ್ಥಿ ದೆಸೆಯಲ್ಲಿ ಕಂಡ ನೋಟವೊಂದು ನನಗೆ ದಾರಿ ತೋರುತ್ತದೆ. ಕಲಬುರಗಿಯ ಸರಾಫ್ ಬಜಾರದಲ್ಲಿ, ಅಂಗಡಿಗಳು ತೆರೆಯುವ ಮುನ್ನ, ನಸುಕಿನಲ್ಲಿ ಕೆಲವರು ಓಣಿಯ ಧೂಳನ್ನೂ ಚರಂಡಿಯ ರಾಡಿಯನ್ನೂ ಮೃದುವಾದ ಕಸಬರಿಗೆಯಿಂದ ಗುಡಿಸಿ ಬುಟ್ಟಿಗೆ ತುಂಬುತ್ತಿದ್ದರು. ಅಕ್ಕಸಾಲಿಗನ ಅರದಿಂದ ಹಾರಿದ ಕಣ ಅದರಲ್ಲಿರುತ್ತದೆಂಬ ನಂಬಿಕೆ ಅವರದು. ಮನೆಗೊಯ್ದು ತೊಳೆದು ದಿನದ ರೊಟ್ಟಿಯನ್ನು ಸಂಪಾದಿಸುತ್ತಿದ್ದರು. ದೂರದಿಂದ ನೋಡಿದವನಿಗೆ ಅವರು ಬೀದಿ ಗುಡಿಸುವವರು. ಹತ್ತಿರ ಹೋದವನಿಗೆ ಚಿನ್ನ ಆರಿಸುವವರು. ಪದ ಜಾರಿದ್ದು ಇಂಥ ನೋಟದ ಅಂತರದಲ್ಲಿಯೇ ಎಂದು ನನ್ನ ಊಹೆ. ಸಮಾಜ ಕಸಬರಿಗೆಯನ್ನು ಮಾತ್ರ ಕಂಡಿತು, ಬುಟ್ಟಿಯಲ್ಲಿದ್ದುದನ್ನು ಕಾಣಲಿಲ್ಲ. ಕೀಳೆಂದು ಬಗೆದ ಆ ಹೆಸರನ್ನೇ ಎತ್ತಿಕೊಂಡು ಕವಿ ಶಿವನಿಗೆ ಹೊಂದಿಸಿದಾಗ, ಪದದೊಳಗೆ ಹುದುಗಿದ್ದ ಹೊನ್ನು ಮತ್ತೊಮ್ಮೆ ಮೇಲೆ ಬಂದಿತೆನ್ನಬೇಕು.

ಇತಿಹಾಸವನ್ನು ಓದುವುದೂ ಒಂದು ಬಗೆಯ ತೊಳೆತವೇ. ಆದರೆ ನಮ್ಮ ದೋಣಿಯ ಓರೆ ಸರಿಯಿಲ್ಲದಿದ್ದರೆ ಉಳಿಯಬೇಕಾದುದೇ ಕೊಚ್ಚಿಹೋಗುತ್ತದೆ. ದಂಡನಾಯಕರ, ಕಂಪನಿಗಳ, ಅಧಿಕಾರಿಗಳ ಹೆಸರುಗಳು ನಿಂತವು. ಜಲಗಾರನ ಹೆಸರು ನೀರಿನೊಡನೆ ಹೋಯಿತು. ಹಾಸುಗಲ್ಲು ಕಡಿದ ನಮ್ಮ ಶಹಾಬಾದಿನ ಕೈಗಳಿಗೂ ಇದೇ ಗತಿಯಾಗಿದೆ.

ರಜೆ ಮುಗಿದು ಊರಿಗೆ ಹೊರಟಾಗ ಹುಡುಗ ತನ್ನ ದೋಣಿಯನ್ನು ಬಿಟ್ಟು ಬರಲೊಪ್ಪಲಿಲ್ಲ. ಅದು ಈಗ ಸೇಡಮಿನ ನಮ್ಮ ಮನೆಯ ಪಡಸಾಲೆಯಲ್ಲಿದೆ. ಮುಂದಿನ ರಜೆಯಲ್ಲಿ ಹಟ್ಟಿಗೂ ಕಪ್ಪತಗುಡ್ಡದ ತಪ್ಪಲಿಗೂ ಕರೆದೊಯ್ಯುವುದಾಗಿ ಅವನಿಗೆ ಮಾತು ಕೊಟ್ಟಿದ್ದೇನೆ, ಅಗೆಯಲಿಕ್ಕಲ್ಲ, ನೋಡಲಿಕ್ಕೆ. ಅವನ ಪ್ರಶ್ನೆಗೆ ಉತ್ತರವಾಗಿ, ದೋಣಿಯ ಪಕ್ಕದ ಹಲಗೆಯ ಮೇಲೆ ಸೀಸದ ಕಡ್ಡಿಯಿಂದ 'ಜಲಗಾರ' ಎಂದು ಬರೆದುಕೊಟ್ಟೆ. ಅವನು ಓದಿ, "ಅಂದರ ನಾನೇನು ಮುತ್ಯಾ?" ಎಂದ.

"ಹೌದಪ್ಪಾ, ನೀನs" ಎಂದೆ. ಅವನ ಮುಖದಲ್ಲಿ ಹೆಮ್ಮೆ ಕಂಡಿತು.