ಬೇರೆಯಾದ ದಂಪತಿಗಳ ಮಗುವೂ ಹಬ್ಬದ ದಿನಗಳೂ

2023ನೆಯ ಇಸವಿಯ ಭಾದ್ರಪದದಲ್ಲಿ ಯಲಹಂಕದ ಗೃಹಸ್ಥರೊಬ್ಬರು ಪಂಚಾಂಗವಿಷಯಕವಾದ ಒಂದು ಸಂಶಯವನ್ನು ನಮ್ಮಲ್ಲಿಗೆ ತಂದರು. ಅವರೂ ಅವರ ಪತ್ನಿಯೂ ಬೇರೆಯಾಗಿದ್ದು, ಮಗಳು ಗೌರೀಹಬ್ಬದಲ್ಲಿ ತಾಯಿಯ ಬಳಿಯಲ್ಲಿಯೂ ಗಣೇಶನ ಹಬ್ಬದಲ್ಲಿ ತಂದೆಯ ಬಳಿಯಲ್ಲಿಯೂ ಇರತಕ್ಕುದೆಂದು ಒಪ್ಪಂದವಾಗಿದ್ದಿತು. ಆ ವರ್ಷ ಸೆಪ್ಟೆಂಬರ್ 18ರ ಮಧ್ಯಾಹ್ನದಲ್ಲಿ ತದಿಗೆ ಕಳೆದು ಚೌತಿ ಹತ್ತಿದುದರಿಂದ, ಗಣಪತಿಯನ್ನು ಕೆಲವರು ಗೌರಿಯೊಡನೆ ಅಂದೇ, ಕೆಲವರು ಮರುದಿನ ಪೂಜಿಸಿದರು. ಹಾಗಾದರೆ 18ರಂದು ಮಗು ಯಾರ ಮನೆಯಲ್ಲಿರಬೇಕು? ಇಂತಹ ಪ್ರಶ್ನೆಗೆ ನಮ್ಮ ಗ್ರಂಥಗಳಲ್ಲಿ ಆಧಾರವೇನಾದರೂ ಉಂಟೋ ಎಂದು ಹುಡುಕಿದಾಗ ತೋರಿದ ಸಂಗತಿಗಳನ್ನು ವಿದ್ವಾಂಸರ ಮುಂದಿಡುತ್ತೇವೆ.

ದಂಪತಿಗಳು ಅಗಲುವುದು ಪ್ರಾಚೀನರಿಗೆ ತಿಳಿಯದ ವಿಷಯವಲ್ಲ. ಪರಸ್ಪರ ದ್ವೇಷವಿದ್ದಲ್ಲಿ ಬಿಡುಗಡೆಯುಂಟೆಂದು ಹೇಳುವ ಕೌಟಿಲ್ಯನು, ಧರ್ಮವಿವಾಹಗಳಲ್ಲಿ ಮಾತ್ರ ಅದಿಲ್ಲವೆನ್ನುತ್ತಾನೆ. ಗುಣವತಿಯಾದ ಪತ್ನಿಯನ್ನು ತ್ಯಜಿಸಿದವನಿಂದ ಅವನ ಧನದ ಮೂರನೆಯ ಒಂದು ಪಾಲನ್ನು ಆಕೆಗೆ ಕೊಡಿಸಬೇಕು, ನಿರ್ಧನನಾದರೆ ಅವಳ ಪೋಷಣೆಯನ್ನಾದರೂ ಮಾಡಿಸಬೇಕು ಎಂಬುದು ಯಾಜ್ಞವಲ್ಕ್ಯನ ವಿಧಿ. ಇವನ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವು ಹುಟ್ಟಿದುದು ನಮ್ಮ ಕಲ್ಯಾಣದಲ್ಲಿಯೇ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ವಿಜ್ಞಾನೇಶ್ವರನ ಕೈಯಿಂದ. ಇನ್ನು ಮಗುವಿನ ವಿಷಯ. ಬಾಲಕನ ದಾಯಧನವನ್ನು ಅವನು ಪ್ರೌಢನಾಗುವವರೆಗೆ ರಾಜನು ಕಾಪಾಡಬೇಕೆಂದು ಮನು ವಿಧಿಸುತ್ತಾನೆ. ಹೆಂಡತಿಯ ಅನ್ನಕ್ಕೆ ಲೆಕ್ಕವಿದೆ, ಮಗುವಿನ ಸೊತ್ತಿಗೆ ಲೆಕ್ಕವಿದೆ. ಮಗುವಿನ ದಿನಗಳಿಗೆ ಲೆಕ್ಕವಿಲ್ಲ. ಮಗು ತಂದೆಯ ಕುಲಕ್ಕೆ ಸೇರಿದುದೆಂದು ಭಾವಿಸಿದವರಿಗೆ ಈ ಪ್ರಶ್ನೆಯೇ ಏಳಲಿಲ್ಲವೆಂದು ನಮ್ಮ ಊಹೆ. ಅಳಿಯಸಂತಾನದ ತುಳುನಾಡಿನಲ್ಲಿಯೂ, ಅಲ್ಲಿ ಮಗು ತಾಯಿಯ ಕುಟುಂಬದ್ದಾದುದರಿಂದ, ಅದು ಇದಿರು ದಿಕ್ಕಿನಿಂದ ಏಳದೆ ಹೋಯಿತು.

ಆದರೆ ಎರಡು ಮನೆಗಳ ನಡುವೆ ಹಬ್ಬಗಳನ್ನು ಹಂಚುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಅದು ಮಗುವಿಗಾಗಿ ಅಲ್ಲ, ಮದುವೆಯಾದ ಹೆಣ್ಣಿಗಾಗಿ ಏರ್ಪಟ್ಟಿದ್ದಿತು. ಆಷಾಢದಲ್ಲಿ ಹೊಸ ಸೊಸೆ ತವರಿನಲ್ಲಿ. ಗೌರೀಹಬ್ಬಕ್ಕೆ ತವರಿನಿಂದ ಬಾಗಿನ. ಮೊದಲ ದೀಪಾವಳಿಗೆ ಅಳಿಯನೊಡನೆ ಮಾವನ ಮನೆಯಲ್ಲಿ ಅಭ್ಯಂಜನ. ಇದಕ್ಕೆ ಕರಾರುಪತ್ರವಿರಲಿಲ್ಲ, ತಪ್ಪಿದರೆ ಎರಡು ಕಡೆಯ ಹಿರಿಯರು ಕೇಳುತ್ತಿದ್ದರು. ಇಂದು ಗಂಡಹೆಂಡಿರು ಬೇರೆಯಾದಲ್ಲಿ ಹಾಗೆ ಕೇಳುವ ಹಿರಿಯರು ಸಾಮಾನ್ಯವಾಗಿ ತಂತಮ್ಮ ಪಕ್ಷದ ಸಾಕ್ಷಿಗಳಾಗಿಬಿಟ್ಟಿರುತ್ತಾರೆ!

ಶಾಸನದ ದೃಷ್ಟಿ ತಿರುಗಿದುದು ಮೆಲ್ಲಮೆಲ್ಲನೆ. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಪಾಲು, ಸ್ತ್ರೀಧನ, ದತ್ತಕ, ಜೀವನಾಂಶಗಳನ್ನು ಕುರಿತದ್ದು. ತನ್ನ ಕಾಲಕ್ಕೆ ಅದು ಧೀರವಾದ ಕೆಲಸವೇ ಸರಿ. ಮಗುವಿನ ಕ್ಷೇಮವನ್ನು ನೋಡಬೇಕೆಂಬ ಮಾತು ಬ್ರಿಟಿಷ್ ಇಂಡಿಯಾದ 1890ರ ಪಾಲಕರ ಕಾಯಿದೆಯಲ್ಲಿದ್ದಿತು; 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆಯು ಆ ಕ್ಷೇಮವನ್ನೇ ಪರಮವೆಂದು ಸಾರಿ, ಐದು ವರ್ಷ ತುಂಬದ ಕೂಸು ಸಾಮಾನ್ಯವಾಗಿ ತಾಯಿಯ ವಶದಲ್ಲಿರಬೇಕೆಂದಿತು. ಮಕ್ಕಳು ತಂದೆತಾಯಿಗಳ ಸೊತ್ತಲ್ಲವೆಂದು ಸುಪ್ರೀಂ ಕೋರ್ಟು 1973ರಲ್ಲಿ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿತು. 2020ರ ಯಶಿತಾ ಸಾಹು ಪ್ರಕರಣದಲ್ಲಂತೂ, ಇಬ್ಬರ ಪ್ರೀತಿಯೂ ಮಗುವಿನ ಹಕ್ಕೆಂದೂ, ಭೇಟಿಯ ಕ್ರಮವನ್ನು ನ್ಯಾಯಾಲಯಗಳು ಸ್ಪಷ್ಟವಾಗಿ ಬರೆಯಬೇಕೆಂದೂ ತಿಳಿಸಿತು. ಹೀಗೆ ಮನುವಿನ ವಿಧಿಯಲ್ಲಿ ಕಾಣದ ದಿನಗಳ ಲೆಕ್ಕವು ಈಗ ತೀರ್ಪಿನೊಳಗೆ ಬಂದಿದೆ.

ಬಂದರೂ ತೊಡಕು ತೀರಲಿಲ್ಲ. ಬೆಂಗಳೂರಿನ ಕುಟುಂಬ ನ್ಯಾಯಾಲಯಗಳಿರುವ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಯಲಹಂಕ, ಹೆಬ್ಬಾಳಗಳಿಂದ ಹೋಗುವವರು ಒಂದು ಸಂಗತಿಯನ್ನು ಮರೆಯಲಾಗದು: ಶಾಲೆಗೆ ದಸರೆಯ ರಜೆ ಬರುವ ಕಾಲದಲ್ಲಿಯೇ ಉಚ್ಚ ನ್ಯಾಯಾಲಯಕ್ಕೂ ದಸರೆಯ ರಜೆ. ಹಬ್ಬದ ಮುನ್ನಾದಿನ ಎದ್ದ ಜಗಳಕ್ಕೆ ಸುಲಭವಾಗಿ ಆಜ್ಞೆ ದೊರೆಯದು. ಅರ್ಜಿಯನ್ನು ವಾರಗಳ ಮುಂಚೆಯೇ ಹಾಕಬೇಕು. ಬರವಣಿಗೆಯಾದರೂ ನಿಷ್ಕೃಷ್ಟವಾಗಿರಬೇಕು. ಬರಿದೆ ‘ದೀಪಾವಳಿ’ ಎಂದರೆ ನರಕಚತುರ್ದಶಿಯೋ, ಅಮಾವಾಸ್ಯೆಯೋ, ಬಲಿಪಾಡ್ಯಮಿಯೋ? ತಾರೀಖು, ಮಗುವನ್ನು ಒಪ್ಪಿಸುವ ಗಂಟೆ, ಸ್ಥಳ, ತಿಥಿಭೇದ ಬಂದಾಗ ಅನುಸರಿಸತಕ್ಕ ಪಂಚಾಂಗದ ಹೆಸರು, ಇಷ್ಟನ್ನೂ ಕಾಣಿಸುವುದು ಯುಕ್ತ. ಈದ್ ಹಬ್ಬವು ಚಂದ್ರದರ್ಶನವನ್ನು ಅವಲಂಬಿಸಿರುವುದರಿಂದ ಮುಸಲ್ಮಾನರ ಮನೆಗಳಲ್ಲಿಯೂ ಇದೇ ತೊಡಕುಂಟು.

ಆ ಗೃಹಸ್ಥರಿಗೆ ನಾವು ಹೇಳಿದುದಿಷ್ಟು: ಚೌತಿಗೆ ಮಧ್ಯಾಹ್ನವ್ಯಾಪ್ತಿಯು ಎರಡು ದಿನವೂ ಇರುವುದರಿಂದ ಎರಡು ಪಕ್ಷಕ್ಕೂ ಆಧಾರವುಂಟು, ಗೌರಿಯಾದರೋ 18ಕ್ಕೇ ಹೊರತು ಬೇರೆ ದಿನಕ್ಕಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲಿಯೇ ಕುಳಿತು ಮಗಳ ತಾಯಿಗೆ ಫೋನು ಮಾಡಿದರು. ಗಣಪತಿಯನ್ನು 19ರಂದು ಕೂರಿಸುವುದಾಗಿಯೂ, ಬೆಳಗ್ಗೆ ಎಂಟು ಗಂಟೆಗೆ ಮಗುವನ್ನು ಕರೆದೊಯ್ಯಲು ಬರುವುದಾಗಿಯೂ ತಿಳಿಸಿದರು.