ಹಾಯಿದೋಣಿಯ ಊರಿನ ಹೆಂಗಸರು

ಫ್ರಾನ್ಸಿನ ಬ್ರಿಟನಿ ತೀರದಲ್ಲಿ ದುವಾರ್ನನೆ ಅಂತ ಒಂದು ಮೀನುಗಾರರ ಊರು. ಅಲ್ಲಿ 1986ರಲ್ಲಿ ಹಳೆಯ ಹಾಯಿದೋಣಿಗಳ ಹಬ್ಬ ಶುರುವಾಯಿತು. ಮನೆಮಂದಿಯೆಲ್ಲ ಬಂದರಿಗೆ ಬರ್ತಾರೆ, ಕಣ್ಣೆಲ್ಲ ಹಾಯಿಗಳ ಮೇಲೆ. ನಾನು ಹೇಳೋದು ದಡದ ಕಥೆ.

ದೋಣಿಗಳು ತಂದ ಸಾರ್ಡೀನ್, ಅಂದ್ರೆ ನಮ್ಮ ಬೂತಾಯಿಯ ಬಳಗದ ಮೀನನ್ನು, ಕಾರ್ಖಾನೆಯಲ್ಲಿ ಡಬ್ಬಿಗೆ ತುಂಬ್ತಿದ್ದವರು ಹೆಂಗಸರು. ಮೀನು ಕೆಡಬಾರದಲ್ವಾ, ನಡುರಾತ್ರಿಯಾದರೂ ಕೆಲಸ. ಕೂಲಿ ಗಂಟೆಗೆ 80 ಸೆಂಟೀಮ್. 1924ರ ನವೆಂಬರಿನಲ್ಲಿ ಮುಷ್ಕರ ಹೂಡಿದರು. ಆರು ವಾರ ಕದಲದೆ ನಿಂತು, 1925ರ ಜನವರಿಯಲ್ಲಿ ಒಂದು ಫ್ರಾಂಕ್ ಪಡೆದರು.

ಅದೇ ವರ್ಷ ಅವರಲ್ಲೊಬ್ಬರಾದ ಜೋಸೆಫೀನ್ ಪೆಂಕಲೆ ನಗರಸಭೆಗೆ ಆರಿಸಿಬಂದರು. ಹೆಣ್ಣೆಂಬ ಕಾರಣಕ್ಕೆ ಆ ಆಯ್ಕೆಯೇ ರದ್ದಾಯಿತು. ಅಲ್ಲಿನ ಹೆಂಗಸರಿಗೆ ಮತದ ಹಕ್ಕು ಬಂದದ್ದು 1944ರಲ್ಲಿ. ಮಕ್ಕಳಿಗೆ ದೋಣಿ ತೋರಿಸುವಾಗ ಇದನ್ನೂ ಹೇಳಬೇಕು ಅಂತೀನಿ.